ಔಷಧದಾನವೂ ಅಭಯದಾನವೂ

(ಭಗವಾನ್ ಶ್ರೀ ನೇಮಿನಾಥ ಸ್ವಾಮಿ ಬಸದಿಯ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದಲ್ಲಿ, ದೀಕ್ಷಾಕಲ್ಯಾಣದ ದಿನ ಸಂಜೆಯ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)

 

ಇಂತಹ ಪವಿತ್ರ ಸಮಾರಂಭದಲ್ಲಿ ಮಾತನಾಡಲು ನಾನು ಪಂಡಿತನಲ್ಲ. ಸಿದ್ಧಾಂತಶಾಸ್ತ್ರವನ್ನು ಗುರುಮುಖದಿಂದ ಅಭ್ಯಾಸ ಮಾಡಿದವನೂ ಅಲ್ಲ. ಹತ್ತನೆಯ ತರಗತಿ ಮುಗಿಸಿದ ವರ್ಷವೇ ತಂದೆಯವರ ಜೊತೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ಸಾಬೂನು, ತಲೆಗೆಣ್ಣೆ, ಹಲ್ಲುಪುಡಿ, ಮುಖದ ಪೌಡರುಗಳ ಸಗಟು ವ್ಯಾಪಾರದಲ್ಲಿಯೇ ಐವತ್ತನ್ನು ದಾಟಿದವನು. ಸಮಿತಿಯವರು ಮಾತನಾಡಲೇಬೇಕೆಂದು ಆಗ್ರಹಪಡಿಸಿದಾಗ, ನನಗೆ ತಿಳಿದ ಒಂದು ವಿಷಯವನ್ನು, ಬಹುಕಾಲದಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ವಿಷಯವನ್ನು ತಮ್ಮ ಮುಂದೆ ಇಡುವುದೆಂದು ನಿಶ್ಚಯಿಸಿದೆನು. ತಪ್ಪಿದ್ದಲ್ಲಿ ಪೂಜ್ಯರು ತಿದ್ದಬೇಕಾಗಿ ಪ್ರಾರ್ಥನೆ.

ಇಂದು ಬೆಳಿಗ್ಗೆ ನಾವೆಲ್ಲರೂ ಭಗವಂತನ ದೀಕ್ಷಾಕಲ್ಯಾಣವನ್ನು ಕಣ್ಣಾರೆ ಕಂಡು ಧನ್ಯರಾದೆವು. ನಮ್ಮ ಬಸದಿಯ ಮೂಲನಾಯಕನಾದ ನೇಮಿನಾಥ ತೀರ್ಥಂಕರನಿಗೆ ವೈರಾಗ್ಯ ಉಂಟಾದ ಬಗೆಯನ್ನು ಇಲ್ಲಿರುವ ಮಕ್ಕಳೂ ಬಲ್ಲರು. ವಿವಾಹಕ್ಕೆಂದು ಹೊರಟ ರಾಜಕುಮಾರನು ದಾರಿಯಲ್ಲಿ ಬೇಲಿಯೊಳಗೆ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನವನ್ನು ಕೇಳಿದನು; ಅವು ಏಕೆ ಅಲ್ಲಿವೆ ಎಂದು ಕೇಳಿದನು. ಮದುವೆಯ ಔತಣಕ್ಕಾಗಿ ಎಂಬ ಉತ್ತರ ಬಂದೊಡನೆ ರಥವನ್ನು ತಿರುಗಿಸಿದನು. ಅಲ್ಲಿ ಗಮನಿಸತಕ್ಕ ಅಂಶ ಒಂದಿದೆ. ಆ ಪ್ರಾಣಿಗಳನ್ನು ಕೂಡಿಹಾಕಿದವನು ಭಗವಂತನಲ್ಲ. ಕೊಲ್ಲಬೇಕೆಂದು ಹೇಳಿದವನೂ ಅಲ್ಲ. ಆದರೆ ತನ್ನ ನಿಮಿತ್ತವಾಗಿ ಅವು ಅಲ್ಲಿವೆ ಎಂಬುದೇ ಅವನಿಗೆ ಸಾಕಾಯಿತು. ಅವನು ಮಾಡಿದ ಮೊದಲ ಕೆಲಸ ಪ್ರಶ್ನೆ ಕೇಳಿದ್ದು. ಇಂದು ನಮ್ಮ ನಿಮಿತ್ತವಾಗಿಯೂ ಅನೇಕ ಪ್ರಾಣಿಗಳು ಬೇಲಿಯೊಳಗಿವೆ. ಆ ಬೇಲಿ ಪಾಕಶಾಲೆಯದಲ್ಲ, ಪ್ರಯೋಗಶಾಲೆಯದು. ಅಲ್ಲಿಂದ ಕೂಗು ಹೊರಗೆ ಕೇಳಿಸದು. ಆದುದರಿಂದ ನಾವು ಪ್ರಶ್ನೆಯನ್ನೂ ಕೇಳಿಲ್ಲ.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ನಮ್ಮ ಆಚಾರ್ಯರು ವಿಧಿಸಿದ್ದಾರೆ. ಈ ನಾಲ್ಕೂ ಒಂದಕ್ಕೊಂದು ಪೂರಕವೆಂದೇ ನಾವು ತಿಳಿದಿದ್ದೇವೆ. ಆದರೆ ಆಧುನಿಕ ಕಾಲದಲ್ಲಿ ಔಷಧದಾನ ಮತ್ತು ಅಭಯದಾನಗಳು ಪರಸ್ಪರ ಎದುರಾಗಿ ನಿಂತಿವೆ. ರೋಗಿಗೆ ಕೊಡುವ ಔಷಧಿಯ ಹಿಂದೆ ಮೊಲ, ಇಲಿ, ನಾಯಿ, ಮಂಗಗಳ ಪ್ರಾಣ ಇದೆ. ಈ ವಿರೋಧವನ್ನು ಪರಿಹರಿಸಲು ಸಾಧ್ಯವೇ ಎಂಬುದೇ ನನ್ನ ಇಂದಿನ ವಿಷಯ.

ನನ್ನ ಮನೆಯ ಸಂಗತಿಯೊಂದನ್ನು ಹೇಳುತ್ತೇನೆ. 1981ರ ಬೇಸಿಗೆಯಲ್ಲಿ ನನ್ನ ಅಕ್ಕನಿಗೆ ಹುಚ್ಚುನಾಯಿ ಕಚ್ಚಿತು. ಮೀನಖಂಡದಲ್ಲಿ ಹಲ್ಲುಗಳು ಆಳವಾಗಿ ಇಳಿದಿದ್ದವು. ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕಿಸಬೇಕು, ಒಂದನ್ನೂ ತಪ್ಪಿಸಬಾರದು ಎಂದು ವೈದ್ಯರು ಹೇಳಿದರು. ನಮ್ಮ ತಾಯಿಯವರು ಹದಿನಾಲ್ಕು ದಿನವೂ ಅಕ್ಕನನ್ನು ಎತ್ತಿಕೊಂಡು ಮೊದಲ ಬಸ್ಸಿಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಂದರು. ಸೂಜಿಯನ್ನು ಕಂಡೊಡನೆ ಅಕ್ಕ ಅಳುತ್ತಿದ್ದಳು. ತಾಯಿಯವರು ಅವಳ ಕೈ ಹಿಡಿದು ಣಮೋಕಾರ ಮಂತ್ರವನ್ನು ಹೇಳಿಸುತ್ತಿದ್ದರು. ಅಕ್ಕ ಬದುಕಿದಳು. ಮೊಮ್ಮಕ್ಕಳೊಡನೆ ಈ ಸಭೆಯಲ್ಲಿಯೇ ಕುಳಿತಿದ್ದಾಳೆ.

ಸುಮಾರು ಹದಿನೈದು ವರ್ಷಗಳ ಅನಂತರ ನಮ್ಮ ಅಂಗಡಿಗೆ ಬರುತ್ತಿದ್ದ ವೈದ್ಯರೊಬ್ಬರು ಮಾತಿನ ನಡುವೆ ಆ ಲಸಿಕೆ ಹೇಗೆ ತಯಾರಾಗುತ್ತದೆಂದು ತಿಳಿಸಿದರು. ಅದಕ್ಕೆ ಸೆಂಪಲ್ ಲಸಿಕೆ ಎಂದು ಹೆಸರು. ಡೇವಿಡ್ ಸೆಂಪಲ್ ಎಂಬ ಬ್ರಿಟಿಷ್ ವೈದ್ಯನು 1911ರಲ್ಲಿ ಹಿಮಾಚಲದ ಕಸೌಲಿಯಲ್ಲಿ ಅದನ್ನು ರೂಪಿಸಿದನು. ಕುರಿಯ ಮೆದುಳಿಗೆ ರೋಗಾಣುವನ್ನು ಚುಚ್ಚುವುದು. ಕುರಿಗೆ ರೋಗ ತಗಲಿ ಕಾಲು ಸೋತು ಬಿದ್ದ ಮೇಲೆ ಅದನ್ನು ಕೊಂದು ಮೆದುಳನ್ನು ತೆಗೆದು ಅರೆಯುವುದು. ರಾಸಾಯನಿಕದಿಂದ ರೋಗಾಣುವನ್ನು ನಿರ್ಜೀವಗೊಳಿಸಿ ಚುಚ್ಚುಮದ್ದಾಗಿ ಬಳಸುವುದು – ಇದು ಅದರ ಕ್ರಮ. ನೀಲಗಿರಿಯ ಕೂನೂರಿನಲ್ಲಿರುವ ಪಾಶ್ಚರ್ ಸಂಸ್ಥೆ ಮೊದಲಾದ ಕಡೆಗಳಲ್ಲಿ ದಶಕಗಳ ಕಾಲ ಅದು ತಯಾರಾಗುತ್ತಿತ್ತು.

ಈ ವಿಷಯವನ್ನು ನಾನು ಮನೆಗೆ ಹೋಗಿ ತಾಯಿಯವರಿಗೆ ಹೇಳಬಾರದಿತ್ತೋ ಏನೋ, ಹೇಳಿಬಿಟ್ಟೆನು. ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೆಂದು ಕುಳಿತಿದ್ದವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಬಹಳ ಹೊತ್ತಿನ ಮೇಲೆ ಹೇಳಿದರು: “ಆಗಲೇ ತಿಳಿದಿದ್ದರೂ ನಾನು ಮಗಳಿಗೆ ಹಾಕಿಸುತ್ತಿದ್ದೆ ಕಣಪ್ಪ. ಸುಳ್ಳು ಹೇಳಲಾರೆ. ಆದರೆ ತಿಳಿದ ಮೇಲೆ ಸುಮ್ಮನಿರಲೂ ಆರೆ.” ಮುಂದಿನ ಹದಿನಾಲ್ಕು ಚತುರ್ದಶಿಗಳಂದು ಅವರು ಉಪವಾಸ ಮಾಡಿದರು. ಒಂದೊಂದು ಸೂಜಿಗೆ ಒಂದೊಂದು ಚತುರ್ದಶಿ. ತಾಯಿಯವರು ಈಗ ಇಲ್ಲ. ಅವರ ಆ ಮಾತಿನಲ್ಲಿ ಇರುವಷ್ಟು ಪ್ರಾಮಾಣಿಕತೆಯನ್ನು ಈ ವಿಷಯದ ಮೇಲಿನ ದೊಡ್ಡ ಚರ್ಚೆಗಳಲ್ಲಿಯೂ ನಾನು ಕಂಡಿಲ್ಲ.

ಇನ್ನು ಕಥೆಯ ಉತ್ತರಾರ್ಧವನ್ನು ಕೇಳಬೇಕು. ಕುರಿಯ ಮೆದುಳಿನ ಆ ಲಸಿಕೆ ಕುರಿಗೆ ಮಾತ್ರವಲ್ಲ, ಮನುಷ್ಯನಿಗೂ ಕೇಡು ಮಾಡುತ್ತಿತ್ತು. ಅದರಲ್ಲಿದ್ದ ಮೆದುಳಿನ ಅಂಶದ ಕಾರಣ ಸಾವಿರಾರು ಜನರಲ್ಲೊಬ್ಬರಿಗೆ ಪಾರ್ಶ್ವವಾಯುವಿನಂತಹ ತೊಂದರೆ ಆಗುತ್ತಿತ್ತು. ವಿಜ್ಞಾನಿಗಳು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ರೋಗಾಣುವನ್ನು ವೃದ್ಧಿಪಡಿಸುವ ಮಾರ್ಗವನ್ನು ಕಂಡುಹಿಡಿದರು. ಹೊಸ ಲಸಿಕೆಗೆ ಹದಿನಾಲ್ಕು ಸೂಜಿ ಬೇಡ, ನಾಲ್ಕೈದು ಸಾಕು. ಹೊಟ್ಟೆಗೆ ಬೇಡ, ತೋಳಿಗೆ ಸಾಕು. ನಮ್ಮ ದೇಶದಲ್ಲಿ ಕುರಿಯ ಮೆದುಳಿನ ಲಸಿಕೆಯ ತಯಾರಿಕೆ 2004ರ ಕೊನೆಗೆ ನಿಂತುಹೋಯಿತು. ಕೂನೂರಿನ ಅದೇ ಸಂಸ್ಥೆ ಜೀವಕೋಶಗಳಿಂದ ಲಸಿಕೆ ತಯಾರಿಸುವ ವಿಧಾನವನ್ನು ಅಳವಡಿಸಿಕೊಂಡಿತು. ಕರುಣೆಯ ದಾರಿಯೂ ಆರೋಗ್ಯದ ದಾರಿಯೂ ಇಲ್ಲಿ ಒಂದೇ ಆದುವು. ಪ್ರಾಣಿಗೆ ಅಭಯ ಕೊಟ್ಟರೆ ರೋಗಿಗೆ ಔಷಧವಿಲ್ಲ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋರದು.

ಔಷಧಿಯನ್ನು ತಯಾರಿಸುವ ಬಗೆಯ ಮಾತಾಯಿತು. ಅದನ್ನು ಪರೀಕ್ಷಿಸುವ ಬಗೆಯನ್ನು ನೋಡೋಣ. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಅಂಗಗಳನ್ನು ಕತ್ತರಿಸುವುದು, ಕಟ್ಟಿಹಾಕುವುದು, ಪೀಡಿಸುವುದು, ಅತಿಭಾರವನ್ನು ಹೇರುವುದು, ಆಹಾರವನ್ನು ತಡೆಯುವುದು. ದನಕರುಗಳನ್ನು ಸಾಕುವ ಗೃಹಸ್ಥನಿಗೆಂದು ಇವನ್ನು ಹೇಳಿದರೆಂದು ನಾವು ತಿಳಿದಿದ್ದೆವು. ಆದರೆ ಪ್ರಯೋಗಶಾಲೆಯಲ್ಲಿ ಇವುಗಳಲ್ಲಿ ಅತಿಭಾರವೊಂದನ್ನು ಬಿಟ್ಟು ಉಳಿದ ನಾಲ್ಕೂ ಕಾಣಸಿಗುತ್ತವೆ. ಅಮೆರಿಕದಲ್ಲಿ 1944ರಲ್ಲಿ ಡ್ರೈಜ್ ಎಂಬವರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಮೊಲದ ತಲೆಯನ್ನು ಅಲುಗದಂತೆ ಚೌಕಟ್ಟಿನಲ್ಲಿ ಸಿಕ್ಕಿಸಿ, ಅದರ ಕಣ್ಣಿಗೆ ಸಾಬೂನು, ಶಾಂಪೂ ಮುಂತಾದ ವಸ್ತುಗಳನ್ನು ಹಾಕಿ, ಕಣ್ಣು ಎಷ್ಟು ಕೆಂಪಾಯಿತು, ಎಷ್ಟು ಹುಣ್ಣಾಯಿತು ಎಂದು ದಿನಗಟ್ಟಲೆ ಬರೆದಿಡುವ ಪರೀಕ್ಷೆ ಅದು. ಅದಕ್ಕೂ ಮೊದಲು, 1927ರಲ್ಲಿ, ಟ್ರೆವನ್ ಎಂಬ ಆಂಗ್ಲ ವಿಜ್ಞಾನಿಯು ಮತ್ತೊಂದನ್ನು ಸೂಚಿಸಿದ್ದರು: ಒಂದು ಗುಂಪಿನ ಪ್ರಾಣಿಗಳಲ್ಲಿ ಸರಿಯಾಗಿ ಅರ್ಧದಷ್ಟು ಸಾಯುವ ಪ್ರಮಾಣ ಯಾವುದೆಂದು ಕಂಡುಕೊಳ್ಳುವುದು. ಈ ಎರಡು ಪರೀಕ್ಷೆಗಳು ದಶಕಗಳ ಕಾಲ ಜಗತ್ತಿನಾದ್ಯಂತ ನಡೆದುವು. ನಾನು ಮಾರುತ್ತಿದ್ದ ಸಾಮಾನುಗಳ ಹಿಂದೆ ಇಂತಹ ಪರೀಕ್ಷೆ ಇರಬಹುದೆಂಬ ಕಲ್ಪನೆಯೂ ನನಗೆ ಇರಲಿಲ್ಲ.

ಗೃಹಸ್ಥನ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲ ಮೂರನ್ನು ಆದಷ್ಟು ಕಡಿಮೆ ಮಾಡಬೇಕೆಂದೂ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕೆಂದೂ ಹಿರಿಯರು ಹೇಳುತ್ತಾರೆ. ಅಕ್ಕನ ಲಸಿಕೆಯ ಹಿಂದಿನ ಹಿಂಸೆಯನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದನ್ನು ಪೂಜ್ಯರೇ ಹೇಳಬೇಕು. ಆದರೆ ಮುಖಕ್ಕೆ ಹಚ್ಚುವ ಬಣ್ಣಕ್ಕಾಗಿ ಮೊಲದ ಕಣ್ಣನ್ನು ಸುಡುವುದು ಯಾವ ಅನಿವಾರ್ಯ? ಅದನ್ನು ಮಾರಿ ನಾನು ಲಾಭ ಪಡೆದರೆ ಅದು ಉದ್ಯೋಗೀ ಹಿಂಸೆಯೆಂದು ಸಮಾಧಾನ ತಂದುಕೊಳ್ಳಬಹುದೇ? ಈ ಪ್ರಶ್ನೆ ಹುಟ್ಟಿದ ಮೇಲೆ, 2009ರಲ್ಲಿ, ನಾನು ಏಜೆನ್ಸಿ ಪಡೆದಿದ್ದ ಒಂದು ವಿದೇಶೀ ಪ್ರಸಾಧನದ ಕಂಪನಿಗೆ ಪತ್ರ ಬರೆದೆನು. ಮೂರು ಪತ್ರಗಳಿಗೂ ಉತ್ತರ ಬರಲಿಲ್ಲ. ಏಜೆನ್ಸಿಯನ್ನು ಬಿಟ್ಟುಕೊಟ್ಟೆನು. ಒಳ್ಳೆಯ ಲಾಭವಿದ್ದ ಸಾಮಾನು. ನನ್ನ ತಮ್ಮ ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಇದನ್ನು ಹೊಗಳಿಕೆಗಾಗಿ ಹೇಳುತ್ತಿಲ್ಲ. ಹಿಂದಿನ ಇಪ್ಪತ್ತು ವರ್ಷ ಕೇಳದೆಯೇ ಮಾರಿದವನು ನಾನೇ.

ಹಾಗಾದರೆ ಪರೀಕ್ಷಿಸದೆಯೇ ಔಷಧಿಯನ್ನು ಮನುಷ್ಯನಿಗೆ ಕೊಡಬಹುದೇ ಎಂದು ತಾವು ಕೇಳಬಹುದು. ಸರ್ವಥಾ ಕೊಡಬಾರದು. ತಕ್ಕಡಿಯಿಲ್ಲದೆ ವ್ಯಾಪಾರವಿಲ್ಲ. ಬೇಕಾದುದು ಬೇರೆ ತಕ್ಕಡಿ. ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ವಿಜ್ಞಾನಿಗಳು 1959ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ ಮೂರು ಸೂತ್ರಗಳನ್ನು ಮುಂದಿಟ್ಟರು. ಪ್ರಾಣಿಗೆ ಬದಲಾಗಿ ಬೇರೆ ವಿಧಾನವಿದ್ದಲ್ಲಿ ಅದನ್ನೇ ಬಳಸುವುದು. ಬದಲಿ ಇಲ್ಲದಿದ್ದಲ್ಲಿ ಪ್ರಾಣಿಗಳ ಸಂಖ್ಯೆಯನ್ನು ಕಡಿಮೆ ಮಾಡುವುದು. ಅದೂ ಆಗದಲ್ಲಿ ನೋವನ್ನು ತಗ್ಗಿಸುವುದು. ಅಣುವ್ರತದಿಂದ ಮಹಾವ್ರತದ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ನಮ್ಮ ಕ್ರಮವನ್ನು ಬಲ್ಲವರಿಗೆ ಈ ಸೂತ್ರಗಳು ಅಪರಿಚಿತವೆನಿಸವು.

ಈ ಸೂತ್ರಗಳು ಪುಸ್ತಕದಲ್ಲಿಯೇ ಉಳಿಯಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿದ ಮನುಷ್ಯನ ಚರ್ಮದಿಂದ, ರೋಗಿಯ ಒಪ್ಪಿಗೆ ಪಡೆದು, ಜೀವಕೋಶಗಳನ್ನು ಬೇರ್ಪಡಿಸಿ ಪುಟ್ಟ ಬಟ್ಟಲುಗಳಲ್ಲಿ ಚರ್ಮದ ಪದರವನ್ನೇ ಬೆಳೆಸುತ್ತಾರೆ. ಹೊಸ ಸಾಬೂನು ಚರ್ಮವನ್ನು ಕೆರಳಿಸುವುದೇ ಎಂಬುದನ್ನು ಆ ಪದರದ ಮೇಲೆಯೇ ನೋಡುತ್ತಾರೆ. 2010ರಲ್ಲಿ ಈ ಪರೀಕ್ಷೆಗೆ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ಅರ್ಧದಷ್ಟು ಪ್ರಾಣಿಗಳನ್ನು ಸಾಯಿಸುವ ಹಳೆಯ ಪರೀಕ್ಷೆಯನ್ನು 2002ರಲ್ಲಿ ಅಂತರರಾಷ್ಟ್ರೀಯ ನಿಯಮಾವಳಿಯಿಂದ ತೆಗೆದುಹಾಕಲಾಯಿತು. ಚುಚ್ಚುಮದ್ದಿನಲ್ಲಿ ಜ್ವರ ತರಿಸುವ ಕಲ್ಮಶ ಇದೆಯೇ ಎಂದು ನೋಡಲು ಮೊಲದ ಕಿವಿಯ ನಾಳಕ್ಕೆ ಅದನ್ನು ಚುಚ್ಚಿ ಜ್ವರ ಅಳೆಯುವ ಪದ್ಧತಿ ಇತ್ತು. ಈಗ ದಾನಿಗಳು ಕೊಟ್ಟ ಮಾನವ ರಕ್ತದ ಜೀವಕೋಶಗಳಿಂದಲೇ ಅದನ್ನು ತಿಳಿಯಬಹುದಾಗಿದೆ. ಮೊಲದ ಜ್ವರಪರೀಕ್ಷೆಯನ್ನು ಕೈಬಿಡಲು ಯುರೋಪಿನ ಔಷಧ ಸಂಹಿತೆಯ ಮಂಡಲಿಯು 2021ರಲ್ಲಿ ನಿರ್ಧರಿಸಿ, 2024ರಲ್ಲಿ ಅದಕ್ಕೆ ಬೇಕಾದ ತಿದ್ದುಪಡಿಗಳನ್ನು ಅಂಗೀಕರಿಸಿತು.

ನಮ್ಮಲ್ಲಿ ಮಧುಮೇಹ ಇಲ್ಲದ ಮನೆ ವಿರಳ. ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ, ಕೆನಡಾದ ಟೊರಾಂಟೊ ನಗರದಲ್ಲಿ, ನಾಯಿಗಳ ಮೇಲಿನ ಪ್ರಯೋಗದಿಂದ. ಆ ಬಳಿಕ ದಶಕಗಳ ಕಾಲ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ಅದನ್ನು ತೆಗೆಯುತ್ತಿದ್ದರು. ಅದರ ಶಕ್ತಿಯನ್ನು ಮೊಲ, ಇಲಿಗಳ ಮೇಲೆ ಅಳೆಯುತ್ತಿದ್ದರು. 1978ರಲ್ಲಿ ಸೂಕ್ಷ್ಮಾಣುಗಳಿಂದ ಮಾನವ ಇನ್ಸುಲಿನ್ ತಯಾರಿಸುವ ವಿದ್ಯೆ ಸಿದ್ಧಿಸಿತು. 1982ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ನನ್ನು ಹೊರತಂದಿತು. ಈಗ ಅದರ ಶಕ್ತಿಯನ್ನು ಯಂತ್ರದಿಂದ, ರಾಸಾಯನಿಕ ವಿಧಾನದಿಂದ ಅಳೆಯುತ್ತಾರೆ. ಔಷಧವೂ ಅಭಯವೂ ಹೀಗೆ ಮತ್ತೆ ಹತ್ತಿರ ಬಂದುವು.

ಪ್ರಾಣಿಯ ದೇಹ ಮನುಷ್ಯನ ದೇಹಕ್ಕೆ ಸರಿಯಾದ ತಕ್ಕಡಿಯಲ್ಲ ಎಂಬುದಕ್ಕೂ ಪುರಾವೆಗಳಿವೆ. 2006ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನಲ್ಲಿ ಟಿಜಿಎನ್ 1412 ಎಂಬ ಹೊಸ ಔಷಧಿಯನ್ನು ಆರು ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟರು. ಮಂಗಗಳಿಗೆ ಯಾವ ತೊಂದರೆಯನ್ನೂ ಮಾಡದಿದ್ದ ಪ್ರಮಾಣದ 500ನೆಯ ಒಂದು ಪಾಲು ಮಾತ್ರ ಅದು. ಆರು ಮಂದಿಯೂ ಕೆಲವೇ ಗಂಟೆಗಳಲ್ಲಿ ಅಂಗಾಂಗಗಳು ಕೆಟ್ಟು ಸಾವಿನ ಅಂಚಿಗೆ ಹೋದರು. ಪ್ರಾಣ ಉಳಿಯಿತೆಂಬುದೇ ಪುಣ್ಯ. ಮಾನವ ಜೀವಕೋಶಗಳ ಮೇಲಿನ ಪರೀಕ್ಷೆಗಳಿಗೆ ಆ ಘಟನೆಯ ಅನಂತರ ಹೆಚ್ಚಿನ ಮಹತ್ತ್ವ ಬಂದಿತು.

ಆದರೆ ಒಂದು ಎಚ್ಚರಿಕೆಯನ್ನು ಹೇಳದೆ ಹೋದರೆ ನಾನು ಕಳ್ಳತೂಕ ಮಾಡಿದಂತಾಗುತ್ತದೆ. ಎಲ್ಲ ಪ್ರಾಣಿಪರೀಕ್ಷೆಗಳಿಗೂ ಬದಲಿ ಇನ್ನೂ ದೊರೆತಿಲ್ಲ. 2020ರಲ್ಲಿ ನಮ್ಮ ದೇಶದ ಕೋವಿಡ್ ಲಸಿಕೆಯಾದ ಕೋವ್ಯಾಕ್ಸಿನ್ನನ್ನು 20 ರೀಸಸ್ ಮಂಗಗಳ ಮೇಲೆ ಪರೀಕ್ಷಿಸಲಾಯಿತು. ಅದನ್ನು ಈ ಸಭೆಯಲ್ಲಿರುವ ಅನೇಕರು ಹಾಕಿಸಿಕೊಂಡಿದ್ದೀರಿ. ಆದುದರಿಂದ ವಿಜ್ಞಾನಿಗಳನ್ನು ಕ್ರೂರಿಗಳೆಂದು ಜರೆಯುವ ಅಧಿಕಾರ ನಮಗಿಲ್ಲ. ಅವರು ನಮಗಾಗಿಯೇ ಆ ಕೆಲಸ ಮಾಡಿದ್ದಾರೆ. ಇನ್ನೂ ಒಂದು ಮಾತು. ಬದಲಿ ಎಂದು ಕರೆದೊಡನೆ ಎಲ್ಲವೂ ನಿರ್ದೋಷವಾಗದು. ಜೀವಕೋಶ ಬೆಳೆಸುವ ದ್ರವದಲ್ಲಿ ಇನ್ನೂ ಅನೇಕ ಕಡೆ ಹುಟ್ಟದ ಕರುವಿನ ರಕ್ತದ ಅಂಶವನ್ನು ಬಳಸುತ್ತಾರೆ. ಹುಚ್ಚುನಾಯಿ ಲಸಿಕೆಗೆ ಬಳಸುವ ವೀರೋ ಎಂಬ ಜೀವಕೋಶಗಳ ಮೂಲ, 1962ರಲ್ಲಿ ಜಪಾನಿನಲ್ಲಿ ತೆಗೆದ ಆಫ್ರಿಕದ ಮಂಗವೊಂದರ ಮೂತ್ರಪಿಂಡ. ಅಂದು ತೆಗೆದ ಕೋಶಗಳೇ ಇಂದಿಗೂ ಬೆಳೆಯುತ್ತಿವೆ. ಪ್ರತಿ ತಯಾರಿಕೆಗೂ ಕುರಿಗಳನ್ನು ಕೊಲ್ಲುವುದಕ್ಕೂ ಇದಕ್ಕೂ ಇರುವ ಅಂತರವನ್ನು ವಿವೇಕಿಗಳಾದ ತಾವು ತೂಗಿ ನೋಡಬೇಕು. ಪೂರ್ಣ ಅಹಿಂಸೆ ದೊರೆಯಲಿಲ್ಲವೆಂದು ಅಲ್ಪ ಹಿಂಸೆಯ ದಾರಿಯನ್ನು ತಿರಸ್ಕರಿಸುವುದು ಶ್ರಾವಕಧರ್ಮವಲ್ಲ.

ಕಾನೂನು ನಮ್ಮ ಕಡೆಗಿದೆ. ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ನಡೆಸಿದ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಬಂದಿತು. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಲು ಸಾಧ್ಯವಿರುವಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವುದನ್ನು ತಪ್ಪಿಸಬೇಕೆಂಬ ಆಶಯ ಅದರ 17ನೆಯ ವಿಧಿಯಲ್ಲಿಯೇ ಇದೆ. ಪ್ರಸಾಧನ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ ಸರಕಾರ 2014ರಲ್ಲಿ ನಿಷೇಧಿಸಿತು. ಹಾಗೆ ಪರೀಕ್ಷಿಸಿದ ಪ್ರಸಾಧನಗಳ ಆಮದನ್ನೂ ಅದೇ ವರ್ಷ ನಿಷೇಧಿಸಿತು. ಹೊಸ ಔಷಧಿಗಳ ವಿಷಯದಲ್ಲಿ ಜೀವಕೋಶ, ಗಣಕಯಂತ್ರ ಮುಂತಾದ ವಿಧಾನಗಳ ಪರೀಕ್ಷೆಗೂ 2023ರಲ್ಲಿ ನಿಯಮಗಳಲ್ಲಿ ಸ್ಥಾನ ದೊರೆಯಿತು. ಅಮೆರಿಕ ದೇಶವೂ 2022ರ ಡಿಸೆಂಬರಿನಲ್ಲಿ ಇದೇ ಬಗೆಯ ತಿದ್ದುಪಡಿಯನ್ನು ಮಾಡಿತು.

ನನ್ನ ಮಗಳು ಔಷಧಶಾಸ್ತ್ರದ ವಿದ್ಯಾರ್ಥಿನಿ. ಅವಳ ಪಾಠದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಗಣಕಯಂತ್ರದ ತೆರೆಯ ಮೇಲೆಯೇ ತೋರಿಸುತ್ತಾರೆ. ಪುದುಚೇರಿಯ ಜಿಪ್ಮರ್ ಸಂಸ್ಥೆಯಲ್ಲಿ ರೂಪುಗೊಂಡ ಎಕ್ಸ್‌ಫಾರ್ಮ್ ಎಂಬ ತಂತ್ರಾಂಶ ಅಂತಹುದರಲ್ಲಿ ಒಂದು. ಇದನ್ನು ಅವಳು ಮನೆಯಲ್ಲಿ ಹೇಳುತ್ತಿದ್ದಾಗ ನಮ್ಮ ಚಿಕ್ಕಪ್ಪನವರು ಒಂದು ಸಂದೇಹವನ್ನು ಎತ್ತಿದರು. “ಜನ್ನ ಕವಿಯ ಯಶೋಧರ ಚರಿತೆಯನ್ನು ಓದಿದ್ದೀಯಾ? ಯಶೋಧರನು ಬಲಿ ಕೊಟ್ಟದ್ದು ನಿಜವಾದ ಕೋಳಿಯಲ್ಲ, ಹಿಟ್ಟಿನ ಕೋಳಿ. ಆದರೂ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ತೊಳಲಿದರು. ಹಾಗಿರುವಾಗ ತೆರೆಯ ಮೇಲಿನ ಕಪ್ಪೆಯನ್ನು ಕೊಯ್ದರೆ ಪಾಪವಿಲ್ಲವೇ?” ಎಂದರು. ನಾನು ನಿರುತ್ತರನಾದೆನು. ಮಗಳು ಸ್ವಲ್ಪ ಯೋಚಿಸಿ ಹೇಳಿದಳು: “ತಾತ, ಅಲ್ಲಿ ಹಿಟ್ಟಿನ ಕೋಳಿಯನ್ನು ಮಾಡಿದ್ದು ಬಲಿಯನ್ನು ಉಳಿಸಿಕೊಳ್ಳುವುದಕ್ಕೆ. ಇಲ್ಲಿ ತೆರೆಯ ಕಪ್ಪೆಯನ್ನು ಮಾಡಿದ್ದು ಕಪ್ಪೆಯನ್ನು ಉಳಿಸುವುದಕ್ಕೆ.” ಚಿಕ್ಕಪ್ಪನವರು ಮೌನವಾಗಿ ತಲೆದೂಗಿದರು. 1209ರಲ್ಲಿ ರಚಿತವಾದ ಆ ಕಾವ್ಯದ ಸಾರವೇ ಸಂಕಲ್ಪದ ಪ್ರಾಧಾನ್ಯ. ಸಂಕಲ್ಪ ಬದಲಾದರೆ ಫಲವೂ ಬದಲಾಗಬೇಕಷ್ಟೆ.

ಧರ್ಮಬಂಧುಗಳೇ, ನಾವು ಮಾಡಬಹುದಾದ ಕೆಲಸಗಳನ್ನು ಸಂಕ್ಷೇಪವಾಗಿ ಬಿನ್ನವಿಸುತ್ತೇನೆ. ವ್ಯಾಪಾರಿಗಳು ತಾವು ಮಾರುವ ವಸ್ತುವನ್ನು ಹೇಗೆ ಪರೀಕ್ಷಿಸಿದ್ದೀರಿ ಎಂದು ತಯಾರಕರಿಗೆ ಪತ್ರ ಬರೆಯಿರಿ. ಹಸಿರು ಚುಕ್ಕೆ ಇದೆಯೆಂದು ತೃಪ್ತರಾಗಬೇಡಿರಿ. ಅದು ವಸ್ತುವಿನೊಳಗೆ ಏನಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಹೇಗೆ ಪರೀಕ್ಷಿಸಿದರೆಂಬುದನ್ನಲ್ಲ. ವೈದ್ಯಕೀಯ, ವಿಜ್ಞಾನಗಳನ್ನು ಓದುವ ನಮ್ಮ ಮಕ್ಕಳು ಆ ವಿದ್ಯೆಗೆ ಹೆದರಿ ಹಿಂದೆ ಸರಿಯದಿರಲಿ. ನಾವು ದೂರ ನಿಂತರೆ ಬೇರೆ ತಕ್ಕಡಿಯನ್ನು ಮಾಡುವವರಾರು? ನಮ್ಮ ಸಮಾಜದ ಔಷಧದಾನದ ನಿಧಿಗಳಲ್ಲಿ ಒಂದು ಸಣ್ಣ ಪಾಲನ್ನಾದರೂ ಇಂತಹ ಬದಲಿ ವಿಧಾನಗಳನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳ ವೇತನಕ್ಕೆಂದು ತೆಗೆದಿಡಿರಿ. ಆ ಒಂದು ದಾನದಲ್ಲಿ ಔಷಧ, ಅಭಯ, ಶಾಸ್ತ್ರ ಮೂರೂ ಸೇರುತ್ತವೆ. ಈ ಮಹೋತ್ಸವದ ಸಂದರ್ಭದಲ್ಲಿ ಸಮಿತಿಯವರು ಮನಸ್ಸು ಮಾಡಿದರೆ ನನ್ನ ಕಿರುಕಾಣಿಕೆಯನ್ನು ಮೊದಲು ಸಲ್ಲಿಸುತ್ತೇನೆ.

ಕಡೆಯ ಮಾತು. ಪ್ರಾಣಿಯ ಚರ್ಮದ ಬದಲು ಮನುಷ್ಯನ ಚರ್ಮ, ಪ್ರಾಣಿಯ ರಕ್ತದ ಬದಲು ಮನುಷ್ಯನ ರಕ್ತ ಎಂದರೆ, ಯಾರೋ ಒಬ್ಬ ಮನುಷ್ಯ ಕೊಡಲೇಬೇಕಲ್ಲವೇ? ಮೊಲವನ್ನು ಬಿಡಿ ಎಂದು ಹೇಳುವ ನಾವು ಏನನ್ನು ಕೊಡುತ್ತೇವೆ? ನಾನು ಕಳೆದ ವರ್ಷ ನನ್ನ ದೇಹವನ್ನು ಮರಣಾನಂತರ ವೈದ್ಯಕೀಯ ಕಾಲೇಜಿಗೆ ಕೊಡುವ ಪತ್ರಕ್ಕೆ ಸಹಿ ಹಾಕಿದೆನು. ಮನೆಯಲ್ಲಿ ವಿರೋಧ ಬಂದಿತು. ಅಕ್ಕ ಅತ್ತಳು. ದಹನಸಂಸ್ಕಾರವಿಲ್ಲದೆ ಹೇಗೆ ಎಂದಳು. ಆತ್ಮ ಬೇರೆ, ಶರೀರ ಬೇರೆ ಎಂದು ಪ್ರತಿದಿನ ಬಸದಿಯಲ್ಲಿ ಕೇಳುತ್ತೇವೆ. ಪುದ್ಗಲವಾದ ಈ ಶರೀರದಿಂದ ಒಂದು ಮೂಕಜೀವಿಯ ಪ್ರಾಣ ಉಳಿಯುವುದಾದರೆ ಉಳಿಯಲಿ ಎಂದೆನು. ಅವಳು ಆ ದಿನ ಒಪ್ಪಲಿಲ್ಲ. ಮೂರು ತಿಂಗಳ ಬಳಿಕ, ಒಂದು ಚತುರ್ದಶಿಯಂದು, ತಾನಾಗಿಯೇ ಬಂದು, “ಆ ಕಾಗದ ನನಗೂ ಒಂದು ತಂದುಕೊಡು, ನನ್ನ ಮೇಲೆ ಕುರಿಗಳ ಸಾಲ ಇದೆ” ಎಂದಳು.

ಸಾಲವಿದೆಯೆಂದು ಒಪ್ಪಿಕೊಳ್ಳುವುದೇ ಒಳ್ಳೆಯ ವ್ಯಾಪಾರಿಯ ಮೊದಲ ಲಕ್ಷಣವೆಂದು ನನ್ನ ತಂದೆಯವರು ಹೇಳುತ್ತಿದ್ದರು. ನಾಳೆ ಕೇವಲಜ್ಞಾನಕಲ್ಯಾಣ. ಸಮವಸರಣದಲ್ಲಿ ಮನುಷ್ಯರೊಡನೆ ಪಶುಪಕ್ಷಿಗಳಿಗೂ ಒಂದು ಕೋಷ್ಠವಿದೆ. ಅವೂ ಭಗವಂತನ ದಿವ್ಯಧ್ವನಿಯನ್ನು ಕೇಳುತ್ತವೆ. ಆ ಸಭೆಯಲ್ಲಿ ಅವುಗಳ ಎದುರು ಕುಳಿತುಕೊಳ್ಳಲು ನಮಗೆ ಸಂಕೋಚವಾಗದಂತೆ ಬದುಕುವ ಬುದ್ಧಿಯನ್ನು ನೇಮಿನಾಥ ಸ್ವಾಮಿಯು ನಮಗೆಲ್ಲರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುತ್ತೇನೆ.

ಜೈ ಜಿನೇಂದ್ರ.